ಮ್ಯಾಕ್ಸ್ ಬಾರ್ನ್: ಕಣಗಳ ಜ್ಯಾಮಿತಿಯ ಬೆನ್ನು ಹತ್ತಿದವರು

ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯಲ್ಲಿ ಕೆಲಸ ಮಾಡಿದ ಅಧಿಕಾರಿಗಳಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರ ಮನವಿಗಳು ಹೊಸತಲ್ಲ. ನನ್ನ ಸೇವಾವಧಿಯಲ್ಲಿ ಆ ಮನವಿಗಳ ನಡುವೆ ಅಪರೂಪಕ್ಕೊಮ್ಮೆ ಬೇರೊಂದು ಬಗೆಯ ಕಾಗದವೂ ಬರುತ್ತಿತ್ತು. ನಿವೃತ್ತ ಶಿಕ್ಷಕರೊಬ್ಬರೋ ಚಿನ್ನದ ಗಣಿಯ ನೌಕರರೊಬ್ಬರೋ ಕೈವಾರ, ಅಡಿಪಟ್ಟಿ ಹಿಡಿದು ವರ್ಷಗಟ್ಟಲೆ ಶ್ರಮಿಸಿ ಬರೆದ ಹಸ್ತಪ್ರತಿ ಅದು. ಪ್ರೋಟಾನ್ ಇಂಥ ಘನಾಕೃತಿ, ಎಲೆಕ್ಟ್ರಾನ್ ಇಂಥ ಸುರುಳಿ, ಜಗತ್ತೆಲ್ಲವೂ ಇವುಗಳ ಜೋಡಣೆ ಎಂಬ ಸಿದ್ಧಾಂತ. ಅದನ್ನು ದೆಹಲಿಗೆ ಕಳುಹಿಸಿಕೊಡಬೇಕೆಂಬ ಕೋರಿಕೆ. ಕಚೇರಿಯಲ್ಲಿ ನಗು ಹುಟ್ಟುತ್ತಿದ್ದುದು ಸಹಜ. ಆದರೆ ಇದೇ ಹಂಬಲವನ್ನು ಇಪ್ಪತ್ತನೆಯ ಶತಮಾನದ ಅಗ್ರಗಣ್ಯ ಭೌತವಿಜ್ಞಾನಿಯೊಬ್ಬರು ದಶಕಕ್ಕೂ ಮಿಕ್ಕಿ ಹೊತ್ತು ನಡೆದರು, ಅವರು ನಮ್ಮ ಬೆಂಗಳೂರಿನಲ್ಲಿ ಆರು ತಿಂಗಳು ಬಾಳಿದ್ದರು ಎಂಬುದು ಬಹುಜನರಿಗೆ ತಿಳಿಯದು.

ಮ್ಯಾಕ್ಸ್ ಬಾರ್ನ್ ಹುಟ್ಟಿದ್ದು 1882ರ ಡಿಸೆಂಬರ್ 11ರಂದು, ಅಂದು ಜರ್ಮನಿಗೆ ಸೇರಿದ್ದ ಬ್ರೆಸ್ಲೌ ನಗರದಲ್ಲಿ. ಇಂದು ಅದು ಪೋಲೆಂಡಿನ ವ್ರೋತ್ಸ್ವಾಫ್. ತಂದೆ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕರು. ಮಗು ನಾಲ್ಕು ವರ್ಷದ್ದಿದ್ದಾಗಲೇ ತಾಯಿ ತೀರಿಕೊಂಡರು. ಗಟ್ಟಿಂಗೆನ್‌ನಲ್ಲಿ ಹಿಲ್ಬರ್ಟ್ ಮತ್ತು ಮಿಂಕೋವ್ಸ್ಕಿ ಅವರ ಬಳಿ ಕಲಿತ ಬಾರ್ನ್ ಅವರಿಗೆ ಭೌತಶಾಸ್ತ್ರವನ್ನು ಗಣಿತದ ಕಣ್ಣಿನಿಂದ ನೋಡುವುದು ರೂಢಿಯಾಯಿತು. ದೇಶ ಕಾಲಗಳನ್ನು ಒಂದೇ ಜ್ಯಾಮಿತಿಯಲ್ಲಿ ಬೆಸೆದವರು ಇದೇ ಮಿಂಕೋವ್ಸ್ಕಿ. ಶಿಷ್ಯನ ಮುಂದಿನ ಹಂಬಲದ ಬೇರನ್ನು ಅಲ್ಲಿ ಹುಡುಕಬಹುದು.

1921ರಲ್ಲಿ ಗಟ್ಟಿಂಗೆನ್‌ನಲ್ಲಿಯೇ ಪ್ರಾಧ್ಯಾಪಕರಾದರು. 1925ರಲ್ಲಿ ಹೈಸೆನ್‌ಬರ್ಗ್ ಮತ್ತು ಯೋರ್ಡಾನ್ ಅವರೊಡಗೂಡಿ ಕ್ವಾಂಟಮ್ ಬಲವಿಜ್ಞಾನಕ್ಕೆ ಗಣಿತದ ಚೌಕಟ್ಟು ಕೊಟ್ಟರು. ಮರುವರ್ಷ, ಕಣವು ಎಲ್ಲಿ ಸಿಕ್ಕೀತೆಂಬುದರ ಸಂಭವನೀಯತೆಯನ್ನಷ್ಟೇ ಸಮೀಕರಣ ಹೇಳಬಲ್ಲದೆಂದು ತೋರಿಸಿದರು. ಇಷ್ಟಾಗಿಯೂ 1932ರ ನೊಬೆಲ್ ಬಹುಮಾನ ಹೈಸೆನ್‌ಬರ್ಗ್ ಒಬ್ಬರಿಗೇ ಸಂದಿತು.

1933ರ ಏಪ್ರಿಲ್‌ನಲ್ಲಿ ನಾತ್ಸಿ ಸರ್ಕಾರ ಒಂದು ಕಾಯ್ದೆ ತಂದಿತು. ವೃತ್ತಿಪರ ಸರ್ಕಾರಿ ಸೇವೆಯನ್ನು ಪುನಃ ಸ್ಥಾಪಿಸುವುದು ಎಂಬರ್ಥದ ಗೌರವಾನ್ವಿತ ಶೀರ್ಷಿಕೆ ಅದಕ್ಕಿತ್ತು. ಆಡಳಿತದಲ್ಲಿ ಬಾಳು ಸವೆಸಿದವರು ಇಂಥ ಶೀರ್ಷಿಕೆಗಳನ್ನು ಎರಡು ಬಾರಿ ಓದುವುದು ಲೇಸು. ಅದರ ಅನ್ವಯ ಯಹೂದಿ ಮೂಲದ ಬಾರ್ನ್ ಅವರನ್ನು ಹುದ್ದೆಯಿಂದ ಅಮಾನತುಗೊಳಿಸಲಾಯಿತು. ಐವತ್ತರ ವಯಸ್ಸಿನಲ್ಲಿ ಅವರು ದೇಶ ಬಿಟ್ಟು ಕೇಂಬ್ರಿಜ್ ಸೇರಿದರು.

ಎಲೆಕ್ಟ್ರಾನ್ ಒಂದು ಬಿಂದು ಎಂದು ಭಾವಿಸಿದರೆ ಅದರ ವಿದ್ಯುತ್ ಕ್ಷೇತ್ರದ ಶಕ್ತಿ ಅನಂತವಾಗುತ್ತದೆ. ಇದು ಆ ಕಾಲದ ದೊಡ್ಡ ತೊಡಕು. ವೇಗಕ್ಕೆ ಬೆಳಕಿನ ಮಿತಿ ಇರುವಂತೆ ವಿದ್ಯುತ್ ಕ್ಷೇತ್ರದ ತೀವ್ರತೆಗೂ ಒಂದು ಗರಿಷ್ಠ ಮಿತಿ ಇದ್ದರೆ ಹೇಗೆ ಎಂದು ಬಾರ್ನ್ ಯೋಚಿಸಿದರು. ಲಿಯೋಪೋಲ್ಡ್ ಇನ್‌ಫೆಲ್ಡ್ ಅವರೊಂದಿಗೆ 1934ರಲ್ಲಿ ಪ್ರಕಟಿಸಿದ ಈ ಸಿದ್ಧಾಂತದಲ್ಲಿ ಎಲೆಕ್ಟ್ರಾನಿನ ಶಕ್ತಿ ಅನಂತವಾಗದೆ ಸೀಮಿತವಾಗಿ ಉಳಿಯಿತು. ಆದರೆ ಅದನ್ನು ಕ್ವಾಂಟಮ್ ನಿಯಮಗಳಿಗೆ ಒಗ್ಗಿಸುವುದು ಸಾಧ್ಯವಾಗಲಿಲ್ಲ.

ಈ ಹಂತದಲ್ಲಿ ಬಂದದ್ದು ಸಿ.ವಿ. ರಾಮನ್ ಅವರ ಆಹ್ವಾನ. ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ರಾಮನ್, ಜರ್ಮನಿ ಹೊರಹಾಕಿದ ಪ್ರತಿಭೆಗಳನ್ನು ಬೆಂಗಳೂರಿಗೆ ತರುವ ಕನಸು ಕಂಡಿದ್ದರು. 1935ರ ಕೊನೆಯ ಭಾಗದಲ್ಲಿ ಬಾರ್ನ್ ಪತ್ನಿ ಹೆಡ್ವಿಗ್ ಅವರೊಂದಿಗೆ ಬಂದು ಉಪನ್ಯಾಸ ನೀಡಿದರು. ಸೆಂಟ್ರಲ್ ಕಾಲೇಜಿನ ಗಣಿತಜ್ಞ ಬಿ.ಎಸ್. ಮಾಧವರಾವ್ ಅವರು ಬಾರ್ನ್ ಸಿದ್ಧಾಂತವನ್ನು ಮುಂದುವರಿಸಿ ಪ್ರೌಢ ಲೇಖನಗಳನ್ನು ಬರೆದರು. ಬಾರ್ನ್ ಅವರಿಗೆ ಕಾಯಂ ಪ್ರಾಧ್ಯಾಪಕ ಪೀಠ ಕೊಡಿಸಲು ರಾಮನ್ ಪ್ರಯತ್ನಿಸಿದಾಗ ಸಂಸ್ಥೆಯ ಇಂಗ್ಲಿಷ್ ಪ್ರಾಧ್ಯಾಪಕರೊಬ್ಬರು ಸಭೆಯಲ್ಲಿ ಎದ್ದು ನಿಂತು, ಸ್ವದೇಶದಿಂದ ಹೊರದಬ್ಬಿಸಿಕೊಂಡ ಎರಡನೆಯ ದರ್ಜೆಯ ಪರದೇಶಿ ಈ ಸಂಸ್ಥೆಗೆ ತಕ್ಕವನಲ್ಲ ಎಂದರು. ಬಾರ್ನ್ ಸಭೆಯಲ್ಲಿಯೇ ಕುಳಿತಿದ್ದರು. ಮನೆಗೆ ಮರಳಿ ಪತ್ನಿಯ ಮುಂದೆ ಅತ್ತರೆಂದು ಅವರ ಆತ್ಮಕಥೆಯಿಂದ ತಿಳಿಯುತ್ತದೆ. ಪೀಠ ದೊರೆಯಲಿಲ್ಲ. 1937ರಲ್ಲಿ ರಾಮನ್ ಅವರೂ ನಿರ್ದೇಶಕ ಸ್ಥಾನ ಬಿಡಬೇಕಾಯಿತು. ಕರ್ನಾಟಕ ಕಳೆದುಕೊಂಡದ್ದೇನೆಂದು ಲೆಕ್ಕ ಹಾಕುವುದು ಅರ್ಥಶಾಸ್ತ್ರ ಓದಿದ ನನಗೂ ಆಗದು.

1936ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯ ಕರೆಯಿತು, 1953ರವರೆಗೆ ಅಲ್ಲಿದ್ದರು. ಅವರ ಸ್ವಂತದ್ದೆನ್ನಬಹುದಾದ ಜ್ಯಾಮಿತೀಯ ಕಣಸಿದ್ಧಾಂತ ರೂಪುಗೊಂಡದ್ದು ಅಲ್ಲಿಯೇ. ಕಣದ ಸ್ಥಾನ ಒಂದು ಅಳತೆ, ಸಂವೇಗ ಇನ್ನೊಂದು. ಕ್ವಾಂಟಮ್ ಬಲವಿಜ್ಞಾನದ ಮೂಲ ನಿಯಮದಲ್ಲಿ ಸ್ಥಾನವಿದ್ದಲ್ಲಿ ಸಂವೇಗವನ್ನೂ, ಸಂವೇಗವಿದ್ದಲ್ಲಿ ಚಿಹ್ನೆ ಬದಲಿಸಿ ಸ್ಥಾನವನ್ನೂ ಇಟ್ಟರೆ ನಿಯಮ ಹಾಗೆಯೇ ಉಳಿಯುತ್ತದೆ. ನಿಸರ್ಗದಲ್ಲೆಲ್ಲ ಈ ಸಮಮಿತಿ ಇದ್ದರೆ, ದೇಶ ಕಾಲಕ್ಕೆ ಜ್ಯಾಮಿತಿ ಇರುವಂತೆ ಸಂವೇಗಕ್ಕೂ ಅವಳಿ ಜ್ಯಾಮಿತಿ ಇರಬೇಕು. ಮೂಲಕಣಗಳ ದ್ರವ್ಯರಾಶಿಗಳು ಈ ಅವಳಿಯಿಂದಲೇ ಹೊಮ್ಮಬೇಕು. 1938ರಲ್ಲಿ ಮೊದಲು ಮಂಡಿಸಿದ ಈ ವಿಚಾರವನ್ನು 1949ರಲ್ಲಿ ಮೂಲಕಣಗಳ ಸಿದ್ಧಾಂತವಾಗಿ ವಿಸ್ತರಿಸಿದರು. ಅಳುಕದೆ ದ್ರವ್ಯರಾಶಿಗಳನ್ನು ಲೆಕ್ಕ ಹಾಕಿ ಪ್ರಯೋಗದ ಮುಂದಿಟ್ಟರು.

ಇಲ್ಲಿ ಮಸ್ಕಿಯ ಬಂಡೆ ನೆನಪಾಗುತ್ತದೆ. 1837ರಲ್ಲಿ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದಾಗ ಶಾಸನಗಳಲ್ಲಿ ಕಂಡದ್ದು ದೇವಾನಾಂಪಿಯ ಪಿಯದಸಿ ಎಂಬ ಬಿರುದು ಮಾತ್ರ. ಆ ಅರಸನೇ ಅಶೋಕನೆಂದು ಸಿಂಹಳದ ಗ್ರಂಥಗಳ ಆಧಾರದಿಂದ ವಿದ್ವಾಂಸರು ಊಹಿಸಿದರು. ಸೊಗಸಾದ ಊಹೆ, ಆದರೂ ಊಹೆ. 1915ರಲ್ಲಿ ನಿಜಾಮರ ಸೀಮೆಯಲ್ಲಿ ಚಿನ್ನ ಹುಡುಕುತ್ತಿದ್ದ ಗಣಿ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿದ್ದ ಮಸ್ಕಿ ಶಾಸನದಲ್ಲಿ ಅಶೋಕ ಎಂಬ ಹೆಸರೇ ಕೊರೆದಿತ್ತು. ಊಹೆಗೆ ಎಪ್ಪತ್ತೆಂಟು ವರ್ಷಗಳ ಬಳಿಕ ಕಲ್ಲು ಸಿಕ್ಕಿತು.

ಬಾರ್ನ್ ಅವರ ಅವಳಿ ಜ್ಯಾಮಿತಿಗೆ ಅಂಥ ಕಲ್ಲು ಸಿಗಲಿಲ್ಲ. 1947ರಲ್ಲಿ ಬ್ರಿಸ್ಟಲ್‌ನಲ್ಲಿ ಪಯಾನ್ ಪತ್ತೆಯಾದ ಮೇಲೆ ಹೊಸ ಕಣಗಳು ಒಂದರ ಹಿಂದೊಂದು ಬಂದವು. ಅವುಗಳ ದ್ರವ್ಯರಾಶಿಗಳಿಗೂ ಸಿದ್ಧಾಂತದ ಸಂಖ್ಯೆಗಳಿಗೂ ತಾಳೆಯಾಗಲಿಲ್ಲ. ಭೌತವಿಜ್ಞಾನ ಬೇರೆ ದಾರಿ ಹಿಡಿಯಿತು. ಸೋಜಿಗವೆಂದರೆ, 1943ರಲ್ಲಿ ನ್ಯೂಕ್ಯಾಸಲ್‌ನಲ್ಲಿ ಮಾಡಿದ ಭಾಷಣವೊಂದರಲ್ಲಿ ಬಾರ್ನ್ ಅವರು, ಪ್ರಯೋಗದ ಹಂಗಿಲ್ಲದೆ ಶುದ್ಧ ಚಿಂತನೆಯಿಂದಲೇ ನಿಸರ್ಗದ ಸಂಖ್ಯೆಗಳನ್ನು ಪಡೆಯಹೊರಟಿದ್ದ ಎಡಿಂಗ್ಟನ್ ಅವರನ್ನು ಟೀಕಿಸಿದ್ದರು. ತಮ್ಮದೇ ಕನಸಿನ ಸಿದ್ಧಾಂತ ಮೇಜಿನ ಮೇಲಿದ್ದ ಕಾಲವದು. ಇದನ್ನು ಆಷಾಢಭೂತಿತನ ಎನ್ನಲಾರೆ. ಇಂಥ ಕನಸಿನ ಸೆಳೆತವನ್ನು ಒಳಗಿನಿಂದ ಬಲ್ಲವರ ಎಚ್ಚರಿಕೆ ಅದು. ಆ ಎಚ್ಚರವನ್ನು ತಮಗೂ ಅನ್ವಯಿಸಿಕೊಂಡದ್ದರಿಂದಲೇ ಅವರ ಸೋಲಿಗೆ ಘನತೆ ಬಂದಿತು. ನಮ್ಮ ತಾಲ್ಲೂಕು ಊರುಗಳ ಸಿದ್ಧಾಂತಿಗಳ ಹಸ್ತಪ್ರತಿಗಳಲ್ಲಿ ಚಿತ್ರಗಳು ಹೇರಳ. ಯಾವ ಅಳತೆ ಬಂದರೆ ಈ ಸಿದ್ಧಾಂತ ತಪ್ಪಾಗುತ್ತದೆ ಎಂಬ ಒಂದು ಸಾಲನ್ನು ಮಾತ್ರ ನಾನು ಎಂದೂ ಕಂಡಿಲ್ಲ.

ರಾಮನ್ ಅವರೊಂದಿಗಿನ ಸ್ನೇಹವೂ ಮುಂದೆ ಕೆಟ್ಟಿತು. ಹರಳುಗಳಲ್ಲಿ ಪರಮಾಣುಗಳ ಕಂಪನ ಎಂಥದೆಂಬ ಬಗ್ಗೆ 1940ರ ದಶಕದಲ್ಲಿ ಇಬ್ಬರಿಗೂ ತೀವ್ರ ವಾದ ನಡೆಯಿತು; ವಿಜ್ಞಾನಲೋಕ ಒಪ್ಪಿದ್ದು ಬಾರ್ನ್ ಅವರ ನಿಲುವನ್ನು. ಸಂಭವನೀಯತೆಯ ವಿವರಣೆಗೆ 1954ರಲ್ಲಿ, ಅಂದರೆ 28 ವರ್ಷಗಳ ಬಳಿಕ, ನೊಬೆಲ್ ಬಹುಮಾನ ಬಂದಿತು. ಆ ವೇಳೆಗೆ ಅವರು ಜರ್ಮನಿಗೆ ಮರಳಿ ಬಾಡ್ ಪಿರ್ಮಾಂಟ್ ಎಂಬ ಸಣ್ಣ ಊರಿನಲ್ಲಿ ನೆಲೆಸಿದ್ದರು. ಮರುವರ್ಷ ಅಣ್ವಸ್ತ್ರಗಳ ವಿರುದ್ಧ ರಸೆಲ್ ಮತ್ತು ಐನ್‌ಸ್ಟೈನ್ ಹೊರಡಿಸಿದ ಹೇಳಿಕೆಗೆ ಸಹಿ ಹಾಕಿದರು.

ಅವರ 1934ರ ಸಿದ್ಧಾಂತದ ಸಮೀಕರಣ 1985ರಲ್ಲಿ ತಂತು ಸಿದ್ಧಾಂತದೊಳಗಿಂದ, ಯಾರೂ ಕರೆಯದೆಯೇ, ಮತ್ತೆ ತಲೆಯೆತ್ತಿತು. ಅದನ್ನು ಕಾಣಲು ಬಾರ್ನ್ ಇರಲಿಲ್ಲ. 1970ರ ಜನವರಿ 5ರಂದು ಗಟ್ಟಿಂಗೆನ್‌ನಲ್ಲಿ ತೀರಿಕೊಂಡಿದ್ದರು. ಅಲ್ಲಿನ ಸಮಾಧಿಯ ಕಲ್ಲಿನ ಮೇಲೆ ಒಂದು ಪುಟ್ಟ ಸಮೀಕರಣ ಕೊರೆದಿದ್ದಾರೆ. ಸ್ಥಾನ ಮತ್ತು ಸಂವೇಗಗಳನ್ನು ಗುಣಿಸುವ ಕ್ರಮ ಬದಲಾದರೆ ಫಲವೂ ಬದಲಾಗುತ್ತದೆ ಎಂಬ, 1925ರ ಆ ನಿಯಮ. ಅವಳಿ ಜ್ಯಾಮಿತಿಯ ಸುದ್ದಿ ಅಲ್ಲಿಲ್ಲ.