ಆಪರೇಷನ್ ಆಗಿ ವರ್ಷವಾಯ್ತು, ಈಗ ಕೈ ಹೇಗಿದೆ? ಈ ಪ್ರಶ್ನೆ ಕೇಳಿ ಹುದ್ದೆ ಕಳೆದುಕೊಂಡ ಸರ್ಜನ್

ಹೊರ್ತಿಯ ಹೆದ್ದಾರಿಯಲ್ಲಿ ಬೈಕ್ ಜಾರಿ ಬಿದ್ದವರಿರಲಿ, ಇಂಡಿ ಕಡೆಯ ನಿಂಬೆ ತೋಟದಲ್ಲಿ ಎಡವಿ ಅಂಗೈ ಊರಿ ಬಿದ್ದವರಿರಲಿ, ಹೆಚ್ಚಾಗಿ ಪೆಟ್ಟು ತಿನ್ನುವುದು ಮಣಿಕಟ್ಟು ಇಲ್ಲವೇ ಭುಜ. ಗಾಯಾಳು ವಿಜಯಪುರದ ಆಸ್ಪತ್ರೆಗೋ ಸೊಲ್ಲಾಪುರದ ಆಸ್ಪತ್ರೆಗೋ ತಲುಪುವ ಮೊದಲೇ ಮನೆಯವರ ಫೋನಿಗೆ ಸಲಹೆಗಳು ಬಂದಿರುತ್ತವೆ. ಪ್ಲೇಟ್ ಹಾಕಿಸಿದರೆ ಮಾತ್ರ ಕೈ ಮೊದಲಿನಂತಾಗುತ್ತದೆ ಎನ್ನುತ್ತದೆ ಒಂದು ಫಾರ್ವರ್ಡ್. ಆಪರೇಷನ್ ಆದ ಕೈ ಮತ್ತೆ ಕೆಲಸಕ್ಕೆ ಬರುವುದಿಲ್ಲ, ಎಣ್ಣೆ ಹಚ್ಚಿ ತಿಕ್ಕಿಸಿದರೆ ಸಾಕು ಎನ್ನುತ್ತದೆ ಇನ್ನೊಂದು.

ಎರಡರಲ್ಲಿ ಯಾವುದು ನಿಜ? ಉತ್ತರ ಬೇಕಾದರೆ, ಹಾಗೆ ಚಿಕಿತ್ಸೆ ಪಡೆದವರ ಕೈ ಒಂದು ವರ್ಷದ ನಂತರ ಹೇಗಿತ್ತು ಎಂದು ಲೆಕ್ಕ ಇಟ್ಟಿರಬೇಕು. ಅಂಥ ಲೆಕ್ಕಕ್ಕಾಗಿ ಹಟ ಹಿಡಿದ ಒಬ್ಬ ಸರ್ಜನ್‌ನ ಬದುಕನ್ನು ಇಂದು ನೋಡೋಣ.

ಎಕ್ಸ್‌ರೇ ಕಾಲದ ಹುಡುಗ

ಅರ್ನೆಸ್ಟ್ ಅಮೋರಿ ಕಾಡ್‌ಮನ್ ಹುಟ್ಟಿದ್ದು 1869ರ ಡಿಸೆಂಬರ್ 30ರಂದು, ಅಮೆರಿಕದ ಬಾಸ್ಟನ್ ನಗರದಲ್ಲಿ. ಹಾರ್ವರ್ಡ್‌ನಲ್ಲಿ ವೈದ್ಯಕೀಯ ಓದುವಾಗ ಸಹಪಾಠಿ ಹಾರ್ವೆ ಕುಶಿಂಗ್ ಜೊತೆ ಸೇರಿ, ಈಥರ್ ಕೊಟ್ಟ ರೋಗಿಯ ನಾಡಿ ಮತ್ತು ಉಸಿರಾಟವನ್ನು ಹಾಳೆಯಲ್ಲಿ ಬರೆದಿಡಲು ಶುರು ಮಾಡಿದರು. ಅರಿವಳಿಕೆ ಚಾರ್ಟ್‌ಗಳ ಇತಿಹಾಸ ಆರಂಭವಾಗುವುದು ಇಲ್ಲಿಂದಲೇ.

1895ರಲ್ಲಿ ಕಾಡ್‌ಮನ್ ವೈದ್ಯರಾದರು. ಅದೇ ವರ್ಷದ ಕೊನೆಗೆ ಎಕ್ಸ್‌ರೇ ಕಂಡುಹಿಡಿಯಲಾಯಿತು. ಬಾಸ್ಟನ್‌ನಲ್ಲಿ ಅದನ್ನು ಮೊದಮೊದಲು ಬಳಸಿದವರಲ್ಲಿ ಇವರೂ ಒಬ್ಬರು. 1905ರಲ್ಲಿ ಚೇಸ್ ಎಂಬ ವೈದ್ಯರ ಜೊತೆ ಮಣಿಕಟ್ಟಿನ ಪೆಟ್ಟುಗಳ ಬಗ್ಗೆ ದೀರ್ಘ ಲೇಖನ ಪ್ರಕಟಿಸಿದರು. ಉಳುಕು ಎಂದು ಬಿಟ್ಟುಬಿಟ್ಟ ಅನೇಕ ಮಣಿಕಟ್ಟುಗಳಲ್ಲಿ ಸ್ಕ್ಯಾಫಾಯ್ಡ್ ಎಂಬ ಸಣ್ಣ ಮೂಳೆ ಮುರಿದಿರುತ್ತದೆ ಎಂದು ಅದರಲ್ಲಿ ತೋರಿಸಿದರು.

ಈ ಮಾತು ಇಂದಿಗೂ ನಮಗೆ ಬೇಕು. ಸ್ಕ್ಯಾಫಾಯ್ಡ್‌ಗೆ ರಕ್ತ ಸಾಗುವ ದಾರಿ ಕಿರಿದು. ಮುರಿದದ್ದು ಗೊತ್ತಾಗದೆ ತಿಕ್ಕಿಸುತ್ತಾ ಕುಳಿತರೆ ಮೂಳೆ ಕೂಡದೇ ಹೋಗಬಹುದು. ಹೆಬ್ಬೆರಳ ಬುಡದ ತಗ್ಗಿನಲ್ಲಿ ಒತ್ತಿದಾಗ ನೋವಿದ್ದರೆ, ಮೊದಲ ದಿನದ ಎಕ್ಸ್‌ರೇ ಸರಿಯಿದ್ದರೂ ಸುಮಾರು ಎರಡು ವಾರದ ನಂತರ ಇನ್ನೊಮ್ಮೆ ನೋಡುತ್ತಾರೆ. ಅದು ಹಣ ಕೀಳುವ ಉಪಾಯವಲ್ಲ.

ಭುಜದ ಕಡೆಗೆ

ಕಾಡ್‌ಮನ್ ಅವರ ಇನ್ನೊಂದು ಆಸಕ್ತಿ ಭುಜ. ಕೈ ಎತ್ತಲು ನೆರವಾಗುವ ಸ್ನಾಯುರಜ್ಜು ಹರಿದಿದ್ದ ರೋಗಿಗೆ 1909ರಲ್ಲಿ ಆಪರೇಷನ್ ಮಾಡಿ ಅದನ್ನು ಹೊಲಿದರು. 1911ರಲ್ಲಿ ಅಂಥ ಎರಡು ಪ್ರಕರಣಗಳ ವಿವರ ಪ್ರಕಟಿಸಿದರು. ಮುಂದಕ್ಕೆ ಬಾಗಿ, ಕೈಯನ್ನು ಲೋಲಕದಂತೆ ಇಳಿಬಿಟ್ಟು ತೂಗಾಡಿಸುವ ವ್ಯಾಯಾಮವನ್ನು ಫಿಸಿಯೋಥೆರಪಿಯಲ್ಲಿ ಹೇಳಿಕೊಡುತ್ತಾರಲ್ಲ, ಅದಕ್ಕೆ ಇವರದೇ ಹೆಸರಿದೆ.

ಹುದ್ದೆ ಕಳೆದ ಲೆಕ್ಕ

ಕಾಡ್‌ಮನ್ ಅವರ ವಾದ ಸರಳವಾಗಿತ್ತು. ಪ್ರತಿ ರೋಗಿಗೂ ಒಂದು ಕಾರ್ಡ್ ಇರಬೇಕು. ಏನು ತೊಂದರೆ, ಏನು ಮಾಡಿದೆವು, ಒಂದು ವರ್ಷದ ನಂತರ ಹೇಗಿದ್ದಾರೆ ಎಂದು ಅದರಲ್ಲಿ ಬರೆಯಬೇಕು. ಫಲ ಸಿಗದಿದ್ದರೆ ಕಾರಣವೇನೆಂದೂ ಬರೆಯಬೇಕು. ಆ ಲೆಕ್ಕ ಜನರಿಗೆ ಸಿಗಬೇಕು.

ಆಸ್ಪತ್ರೆಗಳಿಗೆ ಇದು ಹಿಡಿಸಲಿಲ್ಲ. ಫಲಿತಾಂಶ ನೋಡದೆ ಹಿರಿತನದ ಮೇಲೆ ಬಡ್ತಿ ಕೊಡುವ ಪದ್ಧತಿಯನ್ನು ಪ್ರತಿಭಟಿಸಿ 1914ರಲ್ಲಿ ಅವರು ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಗೆ ರಾಜೀನಾಮೆ ಕೊಟ್ಟರು. 1915ರ ಜನವರಿಯಲ್ಲಿ ವೈದ್ಯರ ಸಭೆಯೊಂದರಲ್ಲಿ ದೊಡ್ಡ ವ್ಯಂಗ್ಯಚಿತ್ರವೊಂದನ್ನು ಅನಾವರಣ ಮಾಡಿದರು. ಮರಳಲ್ಲಿ ತಲೆ ಹುದುಗಿಸಿಕೊಂಡ ಉಷ್ಟ್ರಪಕ್ಷಿ ವೈದ್ಯರ ಕಡೆಗೆ ಚಿನ್ನದ ಮೊಟ್ಟೆಗಳನ್ನು ಒದೆಯುತ್ತಿರುವ ಚಿತ್ರ ಅದು. ಅಂದಹಾಗೆ, ಉಷ್ಟ್ರಪಕ್ಷಿ ಮರಳಲ್ಲಿ ತಲೆ ಹುದುಗಿಸುತ್ತದೆ ಎಂಬುದೂ ಒಂದು ಕಟ್ಟುಕಥೆಯೇ. ಶ್ರೀಮಂತ ರೋಗಿಗಳು ಕಣ್ಣುಮುಚ್ಚಿ ಹಣ ಕೊಡುತ್ತಾರೆ, ವೈದ್ಯರು ಲೆಕ್ಕ ಕೊಡದೆ ಬಾಚಿಕೊಳ್ಳುತ್ತಾರೆ ಎಂಬುದು ಚಿತ್ರದ ಇಂಗಿತ. ಸಭೆ ಗದ್ದಲದಲ್ಲಿ ಮುಗಿಯಿತು. ಅವರು ಸ್ಥಳೀಯ ವೈದ್ಯ ಸಂಘದ ಸರ್ಜರಿ ವಿಭಾಗದ ಅಧ್ಯಕ್ಷ ಸ್ಥಾನ ಬಿಡಬೇಕಾಯಿತು. ಹಾರ್ವರ್ಡ್‌ನ ಬೋಧಕ ಹುದ್ದೆಯೂ ಹೋಯಿತು.

ಆ ಹೊತ್ತಿಗಾಗಲೇ ತಮ್ಮದೇ ಸಣ್ಣ ಆಸ್ಪತ್ರೆ ನಡೆಸುತ್ತಿದ್ದ ಕಾಡ್‌ಮನ್, ಹೇಳಿದ್ದನ್ನು ಮಾಡಿ ತೋರಿಸಿದರು. 1911ರಿಂದ 1916ರವರೆಗೆ ಅಲ್ಲಿಂದ ಬಿಡುಗಡೆಯಾದ 337 ರೋಗಿಗಳ ಲೆಕ್ಕದಲ್ಲಿ 123 ತಪ್ಪುಗಳನ್ನು ಗುರುತಿಸಿ ಅಚ್ಚು ಹಾಕಿಸಿದರು. ತಮ್ಮ ಕೈಯಿಂದಲೇ ಆದ ತಪ್ಪುಗಳನ್ನೂ ಮುಚ್ಚಿಡಲಿಲ್ಲ. ಹಣದ ಅಡಚಣೆಯಿಂದ ಆ ಆಸ್ಪತ್ರೆ ಹೆಚ್ಚು ಕಾಲ ಉಳಿಯಲಿಲ್ಲ. 1934ರಲ್ಲಿ ಭುಜದ ಬಗ್ಗೆ ಅವರ ದೊಡ್ಡ ಪುಸ್ತಕ ಹೊರಬಂತು. 1940ರ ನವೆಂಬರ್‌ನಲ್ಲಿ ತೀರಿಕೊಂಡರು. ಅವರ ಸಮಾಧಿಗೆ ಹೆಸರಿನ ಕಲ್ಲು ಬಂದದ್ದು 2014ರಲ್ಲಿ.

ಅವರ ಪ್ರಶ್ನೆಗೆ ಇಂದಿನ ಉತ್ತರ

ಬ್ರಿಟನ್ನಿನಲ್ಲಿ 500 ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಜರುಗಿದ ಮಣಿಕಟ್ಟಿನ ಮೂಳೆಯನ್ನು ಸರಿಗೂಡಿಸಿ ಕೆಲವರಿಗೆ ಪ್ಲಾಸ್ಟರ್ ಹಾಕಿದರು, ಕೆಲವರಿಗೆ ತಂತಿ ಹಾಕಿದರು. ವರ್ಷದ ನಂತರ ಎರಡೂ ಗುಂಪಿನವರ ಕೈ ಹೆಚ್ಚುಕಡಿಮೆ ಒಂದೇ ರೀತಿ ಕೆಲಸ ಮಾಡುತ್ತಿತ್ತು. ಆದರೆ ಪ್ಲಾಸ್ಟರ್ ಹಾಕಿದ ಎಂಟು ಜನರಲ್ಲಿ ಒಬ್ಬರಿಗೆ ಮೂಳೆ ಮತ್ತೆ ಜರುಗಿ ಆಪರೇಷನ್ ಬೇಕಾಯಿತು. ಭುಜದ ಬಳಿ ತೋಳಿನ ಮೂಳೆ ಮುರಿದ 250 ಜನರ ಅಧ್ಯಯನದಲ್ಲಿ (2015), ಎರಡು ವರ್ಷಗಳ ನಂತರ ಆಪರೇಷನ್ ಆದವರಿಗೂ ಜೋಳಿಗೆ ಕಟ್ಟಿಕೊಂಡವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಹಾಗೆಂದು ಆಪರೇಷನ್ ಬೇಡ ಎಂದಲ್ಲ. ಮೂಳೆ ಚರ್ಮ ಹರಿದು ಹೊರಬಂದಿದ್ದರೆ, ನರ ಅಥವಾ ರಕ್ತನಾಳಕ್ಕೆ ಪೆಟ್ಟಾಗಿದ್ದರೆ, ಕೀಲಿನ ಮೇಲ್ಮೈ ಒಡೆದು ಜರುಗಿದ್ದರೆ ಅದು ಬೇಕಾಗುತ್ತದೆ. ದುಡಿಯುವ ವಯಸ್ಸಿನವರ ಭುಜದ ಸ್ನಾಯುರಜ್ಜು ಬಿದ್ದ ಪೆಟ್ಟಿಗೆ ಪೂರ್ತಿ ಹರಿದಿದ್ದರೆ ತಡ ಮಾಡಬಾರದು. ರಜ್ಜು ಒಳಕ್ಕೆ ಸರಿದು ಸ್ನಾಯು ಸೊರಗಿದರೆ ಹೊಲಿಯುವುದು ಕಷ್ಟ.

ಹಾಗಾಗಿ ಎರಡೂ ಫಾರ್ವರ್ಡ್‌ಗಳು ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿದಂತೆ. ಆಪರೇಷನ್‌ಗೆ ಒಪ್ಪುವ ಅಥವಾ ಬೇಡ ಎನ್ನುವ ಮೊದಲು ವೈದ್ಯರಲ್ಲಿ ಮೂರು ಮಾತು ಕೇಳಿ. ಈ ವಯಸ್ಸಿಗೆ, ಈ ಬಗೆಯ ಮುರಿತಕ್ಕೆ ಆಪರೇಷನ್ ಇಲ್ಲದೆ ಏನಾಗುತ್ತದೆ? ಆಪರೇಷನ್ ಆದರೆ ವರ್ಷದ ನಂತರ ಎಷ್ಟು ಕೆಲಸ ಮಾಡಬಹುದು? ಬೆರಳು ಮತ್ತು ಭುಜದ ವ್ಯಾಯಾಮ ಯಾವಾಗಿನಿಂದ ಶುರು ಮಾಡಬೇಕು? ಈ ಲೇಖನ ಹಂಚಿಕೊಳ್ಳುವುದಾದರೆ ಈ ಮೂರು ಪ್ರಶ್ನೆಗಳನ್ನೂ ಸೇರಿಸಿ ಕಳಿಸಿ.