ಏಣಿಯನ್ನೇರಿದ ಎಂಜಿನ್ ಡ್ರೈವರ್: ಸರ್ ರಾಯ್ ವೆಲೆನ್ಸ್ಕಿ

ಬಡತನದಲ್ಲಿ ಬೆಳೆದವನಿಗೆ ಬಡವರ ನೋವು ತಾನಾಗಿಯೇ ತಿಳಿಯುವುದೆಂದು ಲೋಕವು ನಂಬುತ್ತದೆ. ಮಧ್ಯ ಆಫ್ರಿಕದಲ್ಲಿ ಬಿಳಿಯರ ಪ್ರಭುತ್ವವನ್ನುಳಿಸಲು ಹೆಣಗಿದ ಸರ್ ರಾಯ್ ವೆಲೆನ್ಸ್ಕಿಯ ಜೀವನವು ಆ ನಂಬಿಕೆಯನ್ನು ಅಲುಗಿಸುವಂಥದು.

1907ರಲ್ಲಿ ದಕ್ಷಿಣ ರೊಡೇಷಿಯದ ಸಾಲಿಸ್‌ಬರಿಯಲ್ಲಿ ಆತನು ಹೆತ್ತವರ ಹದಿಮೂರನೆಯ ಮಗುವಾಗಿ ಜನಿಸಿದನು. ತಂದೆ ಪೂರ್ವ ಯೂರೋಪಿನಿಂದ ಬಂದ ಯೆಹೂದ್ಯ. ತಾಯಿ ದಕ್ಷಿಣ ಆಫ್ರಿಕದ ಡಚ್ ಮೂಲದವಳು. ಮನೆಯಲ್ಲಿ ಕಡುಬಡತನ. ಹದಿನಾಲ್ಕನೆಯ ವಯಸ್ಸಿಗೆ ಶಾಲೆ ಬಿಟ್ಟು, ಸಿಕ್ಕ ಕೆಲಸಗಳನ್ನು ಮಾಡಿ, ಕೊನೆಗೆ ರೈಲ್ವೆಯಲ್ಲಿ ಫೈರ್‌ಮನ್ ಆಗಿ ಸೇರಿದನು; ಮುಂದೆ ಎಂಜಿನ್ ಡ್ರೈವರನಾದನು. ಭಾರಿ ಮೈಕಟ್ಟಿನ ಈ ತರುಣನು ಮುಷ್ಟಿಯುದ್ಧದಲ್ಲಿ ರೊಡೇಷಿಯದ ಹೆವಿವೇಟ್ ಚಾಂಪಿಯನ್ ಎನಿಸಿದ್ದನು.

1933ರಲ್ಲಿ ಉತ್ತರ ರೊಡೇಷಿಯದ ಬ್ರೋಕನ್ ಹಿಲ್‌ಗೆ ಬಂದ ಆತನು ಅಲ್ಲಿಯ ರೈಲ್ವೆ ಕಾರ್ಮಿಕ ಸಂಘಕ್ಕೆ ಜೀವ ತುಂಬಿದನು. 1938ರಲ್ಲಿ ಶಾಸನ ಸಭೆಯನ್ನು ಸೇರಿ, 1941ರಲ್ಲಿ ಲೇಬರ್ ಪಕ್ಷವನ್ನು ಸ್ಥಾಪಿಸಿದನು. ಆದರೆ ಆ ಸಂಘವು ಬಿಳಿಯ ಕೆಲಸಗಾರರದು. ಅದೇ ಹಳಿಗಳ ಮೇಲೆ ಬೆವರು ಸುರಿಸುತ್ತಿದ್ದ ಆಫ್ರಿಕನ್ನರಿಗೆ ಅದರಲ್ಲಿ ಸ್ಥಾನವಿರಲಿಲ್ಲ.

1953ರಲ್ಲಿ ಎರಡು ರೊಡೇಷಿಯಗಳನ್ನೂ ನ್ಯಾಸಾಲೆಂಡನ್ನೂ ಕೂಡಿಸಿ ಬ್ರಿಟಿಷರು ಒಂದು ಒಕ್ಕೂಟವನ್ನು ರಚಿಸಿದರು. ಉತ್ತರದ ತಾಮ್ರದ ಸಂಪತ್ತನ್ನು ದಕ್ಷಿಣದ ಬಿಳಿಯ ವಲಸಿಗರ ಬಲದೊಡನೆ ಬೆಸೆಯುವ ಈ ಯೋಜನೆಯನ್ನು ಆಫ್ರಿಕನ್ನರು ಆರಂಭದಿಂದಲೇ ವಿರೋಧಿಸಿದರು. 35 ಸದಸ್ಯರ ಮೊದಲ ಸಂಸತ್ತಿನಲ್ಲಿ ಅವರಿಗೆ ದೊರೆತುದು ಆರೇ ಸ್ಥಾನಗಳು. ಆಳುವ ಪಕ್ಷವು ಇದನ್ನು ಜನಾಂಗಗಳ ಪಾಲುದಾರಿಕೆಯೆಂದು ಹೊಗಳಿಕೊಂಡಿತು. ಆ ಪಾಲುದಾರಿಕೆಯು ಕುದುರೆಗೂ ಸವಾರನಿಗೂ ಇರುವ ಸಂಬಂಧದಂಥದೆಂದು ಮೊದಲ ಪ್ರಧಾನಿ ಹಗಿನ್ಸ್ ವರ್ಣಿಸಿದ್ದನು.

1956ರಲ್ಲಿ ವೆಲೆನ್ಸ್ಕಿಯೇ ಪ್ರಧಾನಿಯಾದನು. ಆತನ ಯುನೈಟೆಡ್ ಫೆಡರಲ್ ಪಕ್ಷವು ಸುಧಾರಣೆಯ ಮಾತಾಡುತ್ತಲೇ ಅಧಿಕಾರವನ್ನು ಅಲ್ಪಸಂಖ್ಯಾತ ಬಿಳಿಯರ ಕೈಯಲ್ಲಿಯೇ ಉಳಿಸಿಕೊಂಡಿತು. 1959ರಲ್ಲಿ ನ್ಯಾಸಾಲೆಂಡಿನಲ್ಲಿ ಅಶಾಂತಿ ಹಬ್ಬಲು, ಒಕ್ಕೂಟದ ಸೇನೆಯು ಅಲ್ಲಿಗೆ ಧಾವಿಸಿತು. ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಐವತ್ತಕ್ಕೂ ಮಿಕ್ಕಿ ಆಫ್ರಿಕನ್ನರು ಪ್ರಾಣ ತೆತ್ತರು. ಅವರ ನಾಯಕ ಡಾ. ಬಂಡಾ ದಕ್ಷಿಣ ರೊಡೇಷಿಯದ ಸೆರೆಮನೆ ಸೇರಿದನು.

ಸೆರೆಮನೆಯ ಗೋಡೆಗಳು ಒಕ್ಕೂಟವನ್ನು ಕಾಯಲಿಲ್ಲ. 1963ರ ಡಿಸೆಂಬರ್ 31ರಂದು ಅದು ವಿಸರ್ಜನೆಗೊಂಡಿತು. ಮರುವರ್ಷವೇ ನ್ಯಾಸಾಲೆಂಡು ಮಲಾವಿಯಾಗಿಯೂ ಉತ್ತರ ರೊಡೇಷಿಯವು ಜಾಂಬಿಯಾಗಿಯೂ ಸ್ವತಂತ್ರವಾದುವು. ದಕ್ಷಿಣದ ಬಿಳಿಯರಾದರೋ ಇನ್ನೂ ಉಗ್ರವಾದ ರೊಡೇಷಿಯನ್ ಫ್ರಂಟ್ ಪಕ್ಷದ ಕಡೆ ತಿರುಗಿದ್ದರು. 1964ರ ಉಪಚುನಾವಣೆಯಲ್ಲಿ ಅವರು ವೆಲೆನ್ಸ್ಕಿಯನ್ನು ಸೋಲಿಸಿದರು. ಆ ಪಕ್ಷವು 1965ರಲ್ಲಿ ಮಾಡಿದ ಏಕಪಕ್ಷೀಯ ಸ್ವಾತಂತ್ರ್ಯ ಘೋಷಣೆಯನ್ನು ಆತನು ಒಪ್ಪಲಿಲ್ಲ; ಆದರೆ ಆತನ ಮಾತನ್ನು ಕೇಳುವವರು ಉಳಿದಿರಲಿಲ್ಲ.

1980ರಲ್ಲಿ ಆ ನಾಡೂ ಜಿಂಬಾಬ್ವೆಯಾಯಿತು. ಮರುವರ್ಷ ಇಂಗ್ಲೆಂಡಿಗೆ ತೆರಳಿದ ವೆಲೆನ್ಸ್ಕಿ 1991ರಲ್ಲಿ ಅಲ್ಲಿಯೇ ತೀರಿಕೊಂಡನು.

ಆತನ ಶ್ರಮವೂ ಧೈರ್ಯವೂ ಅಲ್ಲಗಳೆಯತಕ್ಕವಲ್ಲ. ಕೂಲಿಯವನು ಪ್ರಧಾನಿಯಾಗಬಹುದೆಂದು ಆತನು ತೋರಿಸಿಕೊಟ್ಟನು. ಆದರೆ ತಾನೇರಿದ ಏಣಿಯನ್ನು ಪಕ್ಕದಲ್ಲಿಯೇ ದುಡಿಯುತ್ತಿದ್ದ ಕರಿಯನಿಗೆ ಬಿಟ್ಟುಕೊಡಲಿಲ್ಲ. ಒಡನೆ ದುಡಿಯುವವನನ್ನು ಹೊರಗಿಟ್ಟು ಕಟ್ಟಿದ ಸಂಘವು ಎಷ್ಟೇ ಬಲವಾಗಿದ್ದರೂ ಕಾರ್ಮಿಕರ ಸಂಘವೆನಿಸಲಾರದೆಂಬುದನ್ನು ದುಡಿದುಣ್ಣುವ ನಾವೆಲ್ಲರೂ ನೆನಪಿನಲ್ಲಿಡತಕ್ಕುದು.