ಕೆಟ್ಟು ನಿಂತ ಕಾರು ಮತ್ತು ಬೆರ್ತಾ ಬೆಂಜ್

ಮಕ್ಕಳೇ, ಹಳೆಯ ಕಾರೊಂದು ಸ್ಟಾರ್ಟ್ ಆಗದೆ ಮೊಂಡು ಹಿಡಿದಾಗ ಅನುಭವಸ್ಥ ಮೆಕ್ಯಾನಿಕ್ ಏನು ಮಾಡುತ್ತಾರೆ, ಗಮನಿಸಿದ್ದೀರಾ? ಕಂಡಕಂಡ ನಟ್ಟುಗಳನ್ನೆಲ್ಲ ಬಿಚ್ಚುವುದಿಲ್ಲ. ಮೊದಲು ಎಂಜಿನ್ನಿಗೆ ಪೆಟ್ರೋಲ್ ಬರುತ್ತಿದೆಯೇ ಎಂದು ನೋಡುತ್ತಾರೆ. ಬರುತ್ತಿದ್ದರೆ, ಸ್ಪಾರ್ಕ್ ಪ್ಲಗ್ಗಿನಲ್ಲಿ ಕಿಡಿ ಹಾರುತ್ತಿದೆಯೇ ಎಂದು ನೋಡುತ್ತಾರೆ. ಇಂಧನದ ಆವಿ ಗಾಳಿಯೊಡನೆ ಬೆರೆತು ಸಿಲಿಂಡರಿನೊಳಗೆ ಹೋಗಬೇಕು, ಅಲ್ಲಿ ಒತ್ತಡಕ್ಕೆ ಸಿಗಬೇಕು, ಸರಿಯಾದ ಕ್ಷಣಕ್ಕೆ ಕಿಡಿ ಬೀಳಬೇಕು. ಇದರಲ್ಲಿ ಯಾವುದೊಂದು ತಪ್ಪಿದರೂ ಎಂಜಿನ್ ಓಡದು. ಜಗತ್ತಿನಲ್ಲಿ ಗ್ಯಾರೇಜುಗಳೇ ಇಲ್ಲದ ಕಾಲದಲ್ಲಿ, ನಡುದಾರಿಯಲ್ಲಿ ಈ ಪರೀಕ್ಷೆ ನಡೆಸಿ ಗೆದ್ದವರು ಜರ್ಮನಿಯ ಬೆರ್ತಾ ಬೆಂಜ್.

ಬೆರ್ತಾ ಜನಿಸಿದ್ದು 1849ರ ಮೇ 3ರಂದು, ಫೋರ್ಜ್‌ಹೈಮ್ ಪಟ್ಟಣದಲ್ಲಿ. ಕಾರ್ಲ್ ಬೆಂಜ್ ಎಂಬ ಬಡ ಎಂಜಿನಿಯರ್‌ ಜೊತೆ ಅವರ ವಿವಾಹ ನಿಶ್ಚಯವಾಯಿತು. ಕಾರ್ಲ್‌ರ ಕಾರ್ಖಾನೆ ಕಷ್ಟದಲ್ಲಿತ್ತು. ಬೆರ್ತಾ ಮದುವೆಗೆ ಮೊದಲೇ ತಮ್ಮ ಬಳುವಳಿಯ ಹಣವನ್ನು ಪಡೆದು ಅದಕ್ಕೆ ಹಾಕಿದರು. 1872ರಲ್ಲಿ ಮದುವೆಯಾಯಿತು. ಆದರೆ ಕಷ್ಟ ತೀರಲಿಲ್ಲ. ಕಾರ್ಲ್ ರೂಪಿಸುತ್ತಿದ್ದ ಎಂಜಿನ್ ಎಷ್ಟು ದಿನವಾದರೂ ಓಡಲೊಲ್ಲದು. 1879ರ ಡಿಸೆಂಬರ್ 31ರ ರಾತ್ರಿ ಊಟವಾದ ಮೇಲೆ, ಇನ್ನೊಮ್ಮೆ ಪ್ರಯತ್ನಿಸೋಣ ಬನ್ನಿ ಎಂದು ಗಂಡನನ್ನು ಕಾರ್ಖಾನೆಗೆ ಹೊರಡಿಸಿದ್ದು ಬೆರ್ತಾ. ಆ ರಾತ್ರಿ ಎಂಜಿನ್ ಓಡಿತು! ಹೊಸ ವರ್ಷದ ಗಂಟೆಗಳು ಮೊಳಗುವಾಗ ಇಬ್ಬರೂ ಅದರ ಸದ್ದು ಕೇಳುತ್ತಾ ನಿಂತಿದ್ದರು.

1886ರ ಜನವರಿ 29ರಂದು ಕಾರ್ಲ್ ತಮ್ಮ ಮೂರು ಚಕ್ರದ ಮೋಟಾರು ಬಂಡಿಗೆ ಪೇಟೆಂಟ್ ಕೋರಿ ಅರ್ಜಿ ಹಾಕಿದರು. ಆ ಪೇಟೆಂಟಿನಲ್ಲಿ ಬೆರ್ತಾರ ಹೆಸರಿಲ್ಲ. ಬಂಡಿಯೇನೋ ಸಿದ್ಧವಾಯಿತು, ಕೊಳ್ಳುವವರೇ ಇರಲಿಲ್ಲ. ದೂರ ಹೋಗಬಲ್ಲದೆಂದು ಜನರಿಗೆ ನಂಬಿಕೆಯಿಲ್ಲ. ಬೆರ್ತಾ ಹಾಕಿದ್ದ ಹಣವೆಲ್ಲ ಮುಳುಗುವಂತಿತ್ತು.

1888ರ ಆಗಸ್ಟ್ ತಿಂಗಳ ಒಂದು ಮುಂಜಾನೆ, ಗಂಡನಿಗೆ ತಿಳಿಸದೆ, ಮಕ್ಕಳಾದ 15 ವರ್ಷದ ಆಯ್ಗನ್ ಮತ್ತು 13 ವರ್ಷದ ರಿಚರ್ಡ್‌ರನ್ನು ಕೂರಿಸಿಕೊಂಡು ಬೆರ್ತಾ ಬಂಡಿ ಹೊರಡಿಸಿದರು. ಮ್ಯಾನ್‌ಹೈಮ್‌ನಿಂದ ತವರೂರು ಫೋರ್ಜ್‌ಹೈಮ್‌ಗೆ, ಸುಮಾರು 104 ಕಿಲೋಮೀಟರ್! ಅಲ್ಲಿಯವರೆಗೆ ಯಾರೂ ಮೋಟಾರು ಬಂಡಿಯಲ್ಲಿ ಅಷ್ಟು ದೂರ ಹೋಗಿರಲಿಲ್ಲ.

ಬಂಡಿಗೆ ಪ್ರತ್ಯೇಕ ಇಂಧನ ಟ್ಯಾಂಕ್ ಇರಲಿಲ್ಲ. ಕಾರ್ಬ್ಯುರೇಟರಿನಲ್ಲಿ ಹಿಡಿಯುತ್ತಿದ್ದದ್ದು ಸುಮಾರು ನಾಲ್ಕೂವರೆ ಲೀಟರ್ ಮಾತ್ರ. ಅದು ಮುಗಿಯುತ್ತಾ ಬಂದಾಗ ವೀಸ್ಲೋಖ್ ಊರಿನ ಔಷಧಿ ಅಂಗಡಿಯಲ್ಲಿ ಲಿಗ್ರೊಯಿನ್ ಎಂಬ ದ್ರವ ಕೊಂಡರು. ಬಟ್ಟೆಯ ಕಲೆ ತೆಗೆಯಲು ಮಾರುತ್ತಿದ್ದ ಅದೇ ಬಂಡಿಯ ಇಂಧನವೂ ಆಗಿತ್ತು! ವಿಶ್ವದ ಮೊದಲ ಪೆಟ್ರೋಲ್ ಬಂಕ್ ಎಂದು ಆ ಅಂಗಡಿಗೆ ಈಗ ಹೆಸರು.

ದಾರಿಯಲ್ಲಿ ಇಂಧನವಿದ್ದೂ ಎಂಜಿನ್ನಿಗೆ ತಲುಪದಂತಾಯಿತು. ಹುಡುಕಿದಾಗ ಸಣ್ಣ ಕೊಳವೆ ಕಟ್ಟಿಕೊಂಡಿತ್ತು. ಆಗಿನ ಹೆಂಗಸರು ಟೋಪಿ ಜಾರದಂತೆ ಉದ್ದನೆಯ ಪಿನ್ನು ಚುಚ್ಚಿಕೊಳ್ಳುತ್ತಿದ್ದರು. ಬೆರ್ತಾ ಅದನ್ನೇ ಕಿತ್ತು ಕೊಳವೆಗೆ ತೂರಿಸಿ ಕಸ ತೆಗೆದರು. ಇನ್ನೊಮ್ಮೆ ತೊಂದರೆ ಕಿಡಿಯದು. ಕಿಡಿಗೆ ವಿದ್ಯುತ್ ಒಯ್ಯುವ ತಂತಿಯ ಹೊದಿಕೆ ಉಜ್ಜಿ ಸವೆದಿತ್ತು. ಟಾರ್ಚ್ ಸೆಲ್ಲಿನಿಂದ ಬಲ್ಬ್ ಹೊತ್ತಿಸುವಾಗ ಎರಡು ಬರಿ ತಂತಿಗಳು ಒಂದಕ್ಕೊಂದು ತಾಕಿದರೆ ಬಲ್ಬ್ ಆರುವುದನ್ನು ನೀವು ನೋಡಿರಬಹುದು. ಇಲ್ಲಿಯೂ ಹಾಗೆಯೇ, ವಿದ್ಯುತ್ತು ಕಿಡಿಯ ಜಾಗ ತಲುಪುವ ಮೊದಲೇ ಅಡ್ಡದಾರಿ ಹಿಡಿಯುತ್ತಿತ್ತು. ಬೆರ್ತಾ ತಮ್ಮ ಕಾಲುಚೀಲ ಜಾರದಂತೆ ಕಟ್ಟಿದ್ದ ಪಟ್ಟಿಯನ್ನು ಬಿಚ್ಚಿ ಆ ಜಾಗಕ್ಕೆ ಸುತ್ತಿದರು. ಪಟ್ಟಿ ವಿದ್ಯುತ್ ಅವಾಹಕ. ಮತ್ತೆ ಕಿಡಿ ಹಾರಿತು. (ನೀವು ಮಾತ್ರ ಮನೆಯ ವಿದ್ಯುತ್ ತಂತಿ ಮುಟ್ಟಬೇಡಿ. ಟಾರ್ಚ್ ಸೆಲ್ಲಿನ ಪ್ರಯೋಗವೇ ಸಾಕು!)

ಇನ್ನುಳಿದದ್ದು ಎಂಜಿನ್ನಿನ ಹೊರಗಿನ ರಿಪೇರಿ. ಚೈನನ್ನು ಕಮ್ಮಾರರೊಬ್ಬರು ಸರಿಪಡಿಸಿಕೊಟ್ಟರು. ಇಳಿಜಾರಿನಲ್ಲಿ ಬ್ರೇಕಿನ ಮರ ಸವೆದಾಗ, ಪಾದರಕ್ಷೆ ಹೊಲಿಯುವವರೊಬ್ಬರಿಂದ ಅದಕ್ಕೆ ಚರ್ಮ ಹೊಡೆಸಿದರು. ಎಂಜಿನ್ ತಣ್ಣಗಿರಲು ಮತ್ತೆಮತ್ತೆ ನೀರು ತುಂಬಬೇಕಿತ್ತು. ಏರು ಬಂದಾಗ ಬಂಡಿಯನ್ನು ತಳ್ಳಲೇಬೇಕಾಯಿತು. ಪಾಪ, ಹುಡುಗರು ಸುಸ್ತಾಗಿರಬೇಕು!

ಸಂಜೆ ಫೋರ್ಜ್‌ಹೈಮ್ ತಲುಪಿ ಬೆರ್ತಾ ಗಂಡನಿಗೆ ತಂತಿ ಕಳುಹಿಸಿದರು. ಕೆಲವು ದಿನಗಳ ನಂತರ ಅದೇ ಬಂಡಿಯಲ್ಲಿ ಮರಳಿದರು. ಏರಿನ ತೊಂದರೆ ಕೇಳಿದ ಕಾರ್ಲ್ ಬಂಡಿಗೆ ಇನ್ನೊಂದು ಗೇರ್ ಸೇರಿಸಿದರು. 1899ರಲ್ಲಿ ಅವರ ಕಂಪನಿ 572 ವಾಹನಗಳನ್ನು ತಯಾರಿಸಿತು.

ಕಾರ್ಲ್ 1929ರಲ್ಲಿ ನಿಧನರಾದರು. ಬೆರ್ತಾರಿಗೆ 95 ತುಂಬಿದ ದಿನ, 1944ರ ಮೇ 3ರಂದು, ಕಾರ್ಲ್ ಓದಿದ್ದ ಕಾರ್ಲ್ಸ್‌ರೂಯೆಯ ತಾಂತ್ರಿಕ ಸಂಸ್ಥೆ ಅವರಿಗೆ ಗೌರವ ಸೆನೆಟರ್ ಪದವಿ ನೀಡಿತು. ಎರಡು ದಿನಗಳ ನಂತರ ಅವರು ಕಣ್ಮುಚ್ಚಿದರು. ಅಂದು ಬಂಡಿ ಸಾಗಿದ ದಾರಿಗೆ 2008ರಲ್ಲಿ ಬೆರ್ತಾ ಬೆಂಜ್ ಸ್ಮಾರಕ ಮಾರ್ಗವೆಂದು ಹೆಸರಿಡಲಾಯಿತು.